ಹುಲಿ ನಿಮ್ಮದಲ್ಲ, ಕೋಣೆ ನಿಮ್ಮದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೋಂಸ್ಟೇ ನಡೆಸುವವರಿಗೆ, ಅಕ್ಕಿ, ಜೇನು, ಬೆಲ್ಲ, ತುಪ್ಪವನ್ನು ಫೋನಿನ ಮೇಲೇ ದೂರದ ಊರುಗಳಿಗೆ ಮಾರುವವರಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ಬಹಳ ಜನರ ವೆಬ್ ಪುಟ ತೆರೆದರೆ ಮೊದಲು ಎದುರಾಗುವುದು ಹುಲಿ, ಇಲ್ಲವೇ ಕರಿಚಿರತೆ. ನ್ಯಾಷನಲ್ ಜಿಯಾಗ್ರಫಿಕ್ 2020ರಲ್ಲಿ ಕಬಿನಿಯ ಕರಿಚಿರತೆಯ ಸಾಕ್ಷ್ಯಚಿತ್ರ ತೋರಿಸಿದ ಮೇಲಂತೂ ಅಂತರಸಂತೆ, ಕಾರಾಪುರದ ಕಡೆಯ ಎಷ್ಟೋ ಹೋಂಸ್ಟೇಗಳ ಪುಟದಲ್ಲಿ ಅದೇ ಪ್ರಾಣಿ ಬಂದು ಕೂತಿದೆ. ಯಾರೋ ಛಾಯಾಗ್ರಾಹಕರು ವರ್ಷಗಟ್ಟಲೆ ಕಾಡು ಕಾದು ತೆಗೆದ ಚಿತ್ರ ಅದು. ಅವರನ್ನು ಕೇಳದೆ ಎತ್ತಿ ಹಾಕಿಕೊಂಡದ್ದು ಒಂದು ತಪ್ಪು. ಹಾಕಿಕೊಂಡೂ ವ್ಯಾಪಾರ ಆಗುತ್ತಿಲ್ಲ ಎಂಬುದು ಅದರ ಮೇಲೆ ಇನ್ನೊಂದು. ಪುಟವನ್ನು ಎಷ್ಟು ಕೆಳಗೆ ಎಳೆದರೂ ಮಂಚ ಕಾಣುವುದಿಲ್ಲ, ಬಚ್ಚಲುಮನೆ ಕಾಣುವುದಿಲ್ಲ, ಬಾಡಿಗೆ ಎಷ್ಟು ಎಂಬುದಂತೂ ಇಲ್ಲವೇ ಇಲ್ಲ. ‘ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ’ ಎಂಬ ಸಾಲು ಮಾತ್ರ ದಪ್ಪಕ್ಷರದಲ್ಲಿದೆ. ಆ ಸಾಲನ್ನು ಕೊಡಗಿನ ಹೋಂಸ್ಟೇಗೂ ಹಾಕಬಹುದು, ಊಟಿಯ ಲಾಡ್ಜಿಗೂ ಹಾಕಬಹುದು, ಚಿಕ್ಕಮಗಳೂರಿನ ಯಾವುದೋ ಎಸ್ಟೇಟಿಗೂ ಹಾಕಬಹುದು. ಹಾಕಿಯೂ ಇದ್ದಾರೆ.

ನಾನು ಹುಣಸೂರಿನವನು. ಮೈಸೂರಿನಲ್ಲಿ ಕೂತು ಅಂಗಡಿಯವರಿಗೆ, ಹೋಂಸ್ಟೇಯವರಿಗೆ ಇಂಥ ಪುಟಗಳನ್ನು ಮಾಡಿಕೊಡುವುದೇ ಹೊಟ್ಟೆಪಾಡು. ನಾಲ್ಕೂ ತಾಲ್ಲೂಕಿನಿಂದ ನನ್ನ ಕಿವಿಗೆ ಬೀಳುವ ದೂರು ಒಂದೇ: ‘ಲೈಕ್ ಬರ್ತವೆ ಸಾರ್, ಗಿರಾಕಿ ಬರಲ್ಲ. ಬೂಸ್ಟ್ ಮಾಡಿದ ದುಡ್ಡೆಲ್ಲ ನೀರಲ್ಲಿ ಹೋಮ.’ ತಪ್ಪು ಬೂಸ್ಟಿನದಲ್ಲ, ಬೂಸ್ಟ್ ನೋಡಿದವರು ಬಂದು ಇಳಿಯುವ ಜಾಗದ್ದು ಎಂದು ಹೇಳುವುದಕ್ಕೇ ಈ ಪತ್ರ.

ಆ ಜಾಗಕ್ಕೆ ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ. ಅದು ಇಡೀ ವೆಬ್‌ಸೈಟ್ ಅಲ್ಲ. ಜಾಹೀರಾತನ್ನೋ, ಗೂಗಲ್ ತೋರಿಸಿದ ಸಾಲನ್ನೋ, ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಲಿಂಕನ್ನೋ ಒತ್ತಿದವರು ಬಂದು ನಿಲ್ಲುವ ಒಂದೇ ಒಂದು ಪುಟ. ಅದಕ್ಕೆ ಕೆಲಸವೂ ಒಂದೇ: ಬಂದವರು ಫೋನ್ ಮಾಡಬೇಕು, ಇಲ್ಲ ದುಡ್ಡು ಕಟ್ಟಬೇಕು. ‘ನಮ್ಮ ಧ್ಯೇಯ’, ‘ಅಧ್ಯಕ್ಷರ ಸಂದೇಶ’, ಉದ್ಘಾಟನೆಗೆ ಬಂದ ಶಾಸಕರ ಫೋಟೊ, ಇವಕ್ಕೆಲ್ಲ ಬೇರೆ ಜಾಗ ಇದೆ. ಲೆಕ್ಕ ಹಾಕಿ ನೋಡಿ. ಒಂದು ಕ್ಲಿಕ್ಕಿಗೆ ಹತ್ತು ರೂಪಾಯಿ ಎಂದಿಟ್ಟುಕೊಂಡರೆ ನೂರು ಜನರನ್ನು ಕರೆತರಲು ಸಾವಿರ ರೂಪಾಯಿ. ನೂರರಲ್ಲಿ ಒಬ್ಬರು ಕೋಣೆ ಹಿಡಿದರೆ ಆ ಗಿರಾಕಿಗೆ ನೀವು ಮಾಡಿದ ಖರ್ಚು ಸಾವಿರ. ಇಬ್ಬರು ಹಿಡಿದರೆ ತಲಾ ಐನೂರು. ಜಾಹೀರಾತಿನ ದರ ಇಳಿಸುವುದು ನಿಮ್ಮ ಕೈಲಿಲ್ಲ. ಒಬ್ಬರನ್ನು ಇಬ್ಬರು ಮಾಡುವುದು ಕೈಲಿದೆ.

ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ನಿಮಗೆ ದಿನಾ ಬರುವ ಫೋನ್ ಕರೆಗಳಲ್ಲೇ ಆ ಪುಟ ಇದೆ.

ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹೋಂಸ್ಟೇಯಲ್ಲಿ ಫೋನ್ ಎತ್ತುವುದು ಯಜಮಾನರಲ್ಲ, ಅವರ ಮನೆಯವರು. ಒಂದು ಗುರುವಾರ ಸಂಜೆ ಅವರ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಂದ ಕರೆಗಳನ್ನೆಲ್ಲ ಕೇಳಿಸಿಕೊಂಡೆ. ಯಾರೇ ಮಾಡಲಿ, ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುತ್ತಿದ್ದವು. ಎಷ್ಟು? ತಲೆಗಾ, ಕೋಣೆಗಾ? ಊಟ ಸೇರಿದೆಯಾ? ಸಫಾರಿ? ನಾನ್‌ವೆಜ್ ಮಾಡ್ತೀರಾ? ಕಾರು ಬಾಗಿಲವರೆಗೂ ಬರುತ್ತಾ? ಕೆಲಸ ಮುಗಿಸಿ ಬೆಂಗಳೂರು ಬಿಟ್ಟರೆ ರಾತ್ರಿ ಹನ್ನೊಂದಾಗುತ್ತೆ, ಗೇಟು ತೆಗೀತೀರಾ? ಮಗು ಇದೆ, ಬಿಸಿನೀರು ಯಾವಾಗಲೂ ಬರುತ್ತಾ? ಜಿಯೋ ಸಿಗುತ್ತಾ? ಡ್ರೈವರ್ ಎಲ್ಲಿ ಮಲಗ್ತಾರೆ? ಬರೋಕಾಗದಿದ್ದರೆ ಅಡ್ವಾನ್ಸ್ ವಾಪಸ್ಸಾ?

ಆ ಅಕ್ಕ ಮುದ್ದೆ ತಿರುವುತ್ತ, ಫೋನನ್ನು ಸ್ಪೀಕರಿಗೆ ಹಾಕಿಕೊಂಡು, ಒಂದಕ್ಕೂ ಬೇಸರಿಸದೆ ಉತ್ತರ ಕೊಡುತ್ತಿದ್ದರು. ‘ಸಫಾರಿ ನಮ್ದಲ್ಲ ಸಾರ್, ಫಾರೆಸ್ಟ್‌ನೋರ್ದು. ದಮ್ಮನಕಟ್ಟೆಗೆ ಇಲ್ಲಿಂದ ಇಪ್ಪತ್ತು ನಿಮಿಷ. ಸೀಟು ಮೊದ್ಲೇ ಮಾಡ್ಕೊಂಡು ಬನ್ನಿ. ಶನಿವಾರ ಬಂದು ನಿಂತ್ಕೊಂಡ್ರೆ ಸಿಗೋದು ಕಷ್ಟ, ಆಮೇಲೆ ನಮ್ಮೇಲೆ ಬೇಜಾರು ಮಾಡ್ಕೋತೀರ.’ ಇದಕ್ಕಿಂತ ಒಳ್ಳೆಯ ಬರಹಗಾರರು ಯಾವ ಏಜೆನ್ಸಿಯಲ್ಲೂ ಇಲ್ಲ. ಅವರ ಉತ್ತರಗಳನ್ನು ಅವರು ಹೇಳಿದ ಸಾಲಿನಲ್ಲೇ ಬರೆದುಕೊಂಡೆ. ಹುಲಿ ತೆಗೆದು ಆ ಜಾಗಕ್ಕೆ ಹಾಕಿದ ಬರಹ ಇಷ್ಟು: ‘ದಮ್ಮನಕಟ್ಟೆ ಸಫಾರಿ ಕೇಂದ್ರದಿಂದ ಇಪ್ಪತ್ತು ನಿಮಿಷ. ನಾಲ್ಕು ಕೋಣೆ, ಮನೆಯವರೇ ಮಾಡುವ ಅಡುಗೆ.’ ಅದರ ಕೆಳಗೆ ಇಬ್ಬರಿಗೆ ಒಂದು ರಾತ್ರಿಯ ದರ, ತೆರಿಗೆ ಸೇರಿ, ಒಂದೇ ಮೊತ್ತ. ಅದರ ಕೆಳಗೆ: ‘ಮೂರು ಹೊತ್ತಿನ ಊಟ ಸೇರಿದೆ. ಸಫಾರಿ ಸೇರಿಲ್ಲ, ಅದನ್ನು ಅರಣ್ಯ ಇಲಾಖೆಯಲ್ಲಿ ನೀವೇ ಬುಕ್ ಮಾಡಬೇಕು, ಹೇಗೆಂದು ಕೆಳಗಿದೆ.’ ಎರಡು ಬಟನ್, ಒಂದು ಕರೆಗೆ, ಒಂದು ವಾಟ್ಸ್‌ಆ್ಯಪ್‌ಗೆ. ಫೋಟೊಗಳಲ್ಲಿ ಕೋಣೆ, ಬಚ್ಚಲು, ಊಟದ ತಟ್ಟೆ, ಮುಖ್ಯರಸ್ತೆಯಿಂದ ಮನೆಗೆ ತಿರುಗುವ ಮಣ್ಣಿನ ದಾರಿ.

‘ಸಫಾರಿ ಸೇರಿಲ್ಲ’ ಎಂಬ ಮಾತಿಗೆ ಯಜಮಾನರು ಒಪ್ಪಲೇ ಇಲ್ಲ. ‘ಹಂಗಂದ್ರೆ ಓಡೋಗ್ತಾರೆ ಕಣಪ್ಪ.’ ಕೆಲವರು ಓಡಿಹೋದರು, ನಿಜ. ಅವರು ಹೇಗೂ ಫೋನಿನಲ್ಲಿ ಕೇಳಿ ಓಡುವವರೇ. ಈಗ ಅಕ್ಕನ ಸಮಯ ತಿನ್ನದೆ ಓಡಿದರು. ಉಳಿದು ಕರೆ ಮಾಡಿದವರು ‘ಶನಿವಾರ ಖಾಲಿ ಇದೆಯಾ’ ಎಂದಷ್ಟೇ ಕೇಳತೊಡಗಿದರು.

ಹೊಗೆಸೊಪ್ಪಿನ ಬೇಲಿನ ಮೇಲುಗಡೆ ಬಣ್ಣದ ಎಲೆ ಜೋಡಿಸಿ ಒಳಗೆ ಕರಿ ಎಲೆ ತುಂಬಿ ಹರಾಜಿಗೆ ತಂದರೆ ಏನಾಗುತ್ತದೆ ಎಂದು ಪಿರಿಯಾಪಟ್ಟಣ, ಹುಣಸೂರು, ಕಟ್ಟೆಮಳಲವಾಡಿಯ ಹೊಗೆಸೊಪ್ಪಿನವರಿಗೆ ನಾನು ಹೇಳಬೇಕಿಲ್ಲ. ಕಂಪನಿಯವನು ಕೈ ಒಳಗೆ ತೂರಿಸಿ ಎಳೆದು ನೋಡುತ್ತಾನೆ. ಒಂದು ಸಲ ಹಾಗೆ ಸಿಕ್ಕಿಬಿದ್ದ ರೈತನ ಮುಂದಿನ ಬೇಲನ್ನೂ ಅನುಮಾನದಲ್ಲೇ ನೋಡುತ್ತಾರೆ. ಹುಲಿ ಚಿತ್ರ ಮೇಲಿಟ್ಟು ಒಳಗೆ ಕೋಣೆ ಇಟ್ಟ ಪುಟವೂ ಹೀಗೇ ಕಟ್ಟಿದ ಬೇಲು. ನಿಮ್ಮ ಗಿರಾಕಿಯ ಕೈ ಎಂದರೆ ಗೂಗಲ್ ಮ್ಯಾಪಿನ ರಿವ್ಯೂ. ಅಲ್ಲಿ ಒಬ್ಬರು ‘ಹುಲಿ ತೋರಿಸ್ತೀವಿ ಅಂದಿದ್ರು, ಸಫಾರಿ ಸೀಟೇ ಸಿಗಲಿಲ್ಲ’ ಎಂದು ಬರೆದು ಒಂದು ಸ್ಟಾರ್ ಕೊಟ್ಟು ಹೋದರೆ ಮುಂದೆ ಬರುವ ನೂರು ಜನ ಅದನ್ನೇ ಮೊದಲು ಓದುತ್ತಾರೆ.

ಹುಲಿಯನ್ನೇ ನಂಬಿ ವ್ಯಾಪಾರ ಮಾಡುವವರ ಗತಿ ಏನೆಂದು ತೋರಿಸಲು 2025ರ ನವೆಂಬರ್ ಸಾಕು. ಸರಗೂರು ಸೀಮೆಯಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿತು. ಆ ದಿನಗಳಲ್ಲಿ ಪಕ್ಕದೂರಿನಲ್ಲಿ ಸೂತಕ, ನಮ್ಮ ಪುಟಗಳಲ್ಲಿ ಮಾತ್ರ ಹುಲಿ ಬಾಯಿ ತೆರೆದು ‘ಬನ್ನಿ, ರೋಮಾಂಚನ ಅನುಭವಿಸಿ’ ಎನ್ನುತ್ತಿತ್ತು. ನೋಡಿದರೆ ಮೈ ಉರಿಯುತ್ತಿತ್ತು. ಸಫಾರಿ ನಿಂತಿದೆ ಎಂದು ಹಾಕದವರಿಗೆ ಬಂದ ಅತಿಥಿಗಳ ಜೊತೆ ಜಗಳ, ಅಡ್ವಾನ್ಸ್ ವಾಪಸ್ಸಿನ ತಕರಾರು. ಅದೇ ‘ಸಫಾರಿ ಸದ್ಯಕ್ಕೆ ಇಲ್ಲ, ಹಿನ್ನೀರಿನ ದಡದಲ್ಲಿ ನಡೆದಾಡಬಹುದು, ತೋಟದ ಕೆಲಸ ನೋಡಬಹುದು, ರಾತ್ರಿ ನಕ್ಷತ್ರ ಎಣಿಸಬಹುದು, ಬೇಡವೆಂದರೆ ಪೂರ್ತಿ ಹಣ ವಾಪಸ್’ ಎಂದು ಪುಟದ ಮೊದಲ ಸಾಲಿನಲ್ಲೇ ಹಾಕಿಕೊಂಡಿದ್ದರೆ ಅವರ ನಂಬಿಕೆಯಾದರೂ ಉಳಿಯುತ್ತಿತ್ತು. ಸಫಾರಿ ಇವತ್ತು ಇರುತ್ತದೆ, ನಾಳೆ ಆದೇಶ ಬಂದರೆ ಇರುವುದಿಲ್ಲ. ನಿಮ್ಮ ಕೈಲಿರುವುದನ್ನು ಮಾರಿ.

ಋತುವಿನ ಮಾತೂ ಹೀಗೇ. ಮಾರ್ಚಿನಿಂದ ಮೇ ತನಕ ಕಬಿನಿಯ ನೀರು ಇಳಿದು ಬಯಲು ಹಸಿರಾದಾಗ ಆನೆಗಳ ಹಿಂಡುಗಳು ಹಿನ್ನೀರಿಗೆ ಬರುತ್ತವೆ. ಮಳೆಗಾಲದಲ್ಲಿ ಅಣೆಕಟ್ಟು ತುಂಬಿದಾಗ ಕಾಣುವುದು ಕಡಿಮೆ. ಇದನ್ನು ತಿಂಗಳುಗಳ ಹೆಸರಿಟ್ಟೇ ಬರೆಯಿರಿ. ಜುಲೈನಲ್ಲಿ ಯಾರು ಬರುತ್ತಾರೆ ಎಂದು ಹೆದರಬೇಡಿ. ಮಳೆ ನೋಡಲೆಂದೇ, ಏನೂ ಮಾಡದೆ ಕೂರಲೆಂದೇ ಬರುವ ಬೆಂಗಳೂರಿನವರು ಬೇಕಾದಷ್ಟು ಇದ್ದಾರೆ. ಅವರಿಗೆ ಬೇಕಾದ ಪುಟ ಬೇರೆ, ಅದರಲ್ಲಿ ಆನೆ ಇರಬೇಕಿಲ್ಲ, ಬಿಸಿ ಬಜ್ಜಿಯ ತಟ್ಟೆಯೂ ಜಗಲಿಯೂ ಇದ್ದರೆ ಸಾಕು. ದಾರಿಯ ವಿಷಯದಲ್ಲೂ ಮುಚ್ಚುಮರೆ ಬೇಡ. ಬಾವಲಿ ಕಡೆಗೆ ಕಾಡಿನೊಳಗೆ ಹೋಗುವ ರಸ್ತೆಗೆ ರಾತ್ರಿ ಸಂಚಾರ ನಿಷೇಧ ಇದೆ, ಡಿ.ಬಿ. ಕುಪ್ಪೆ ದಿಕ್ಕಿನಲ್ಲಿ ಮನೆ ಇರುವವರು ಎಷ್ಟು ಹೊತ್ತಿನೊಳಗೆ ಗೇಟು ದಾಟಬೇಕೆಂದು ದರದ ಪಕ್ಕದಲ್ಲೇ ಹಾಕಲಿ. ಬೈಕಿನವರಿಗೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥ 2023ರ ಆಗಸ್ಟ್ 1ರಿಂದ ಬಂದ್ ಆಗಿದೆ. ಹಾಗಾಗಿ ‘ಮೂರೂವರೆ ಗಂಟೆ’ ಎಂಬ ನಿಮ್ಮ ಲೆಕ್ಕ ಕಾರಿನವರಿಗೆ ಮಾತ್ರ.

ಬೆಲೆಯನ್ನು ಏಕೆ ಮುಚ್ಚಿಡುತ್ತೀರಿ ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: ಪಕ್ಕದವನು ನೋಡಿ ಇನ್ನೂರು ಕಡಿಮೆ ಹಾಕ್ತಾನೆ. ಪಕ್ಕದವನಿಗೆ ನಿಮ್ಮ ದರ ಈಗಲೇ ಗೊತ್ತು, ಸ್ವಾಮಿ. ಅವನ ಬಾಮೈದನ ಫೋನಿನಿಂದ ಕೇಳಿಸಿರುತ್ತಾನೆ. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ರಾತ್ರಿ ಹತ್ತೂವರೆಗೆ ಗಂಡ ಹೆಂಡತಿ ಹಾಸಿಗೆ ಮೇಲೆ ಕೂತು ಐದಾರು ಪುಟ ತೆರೆದು ನೋಡುತ್ತಿರುತ್ತಾರೆ. ಆ ಹೊತ್ತಿನಲ್ಲಿ ಯಾರೂ ಬೆಲೆ ಕೇಳಲು ಫೋನ್ ಮಾಡುವುದಿಲ್ಲ, ಬೆಲೆ ಹಾಕಿದವರ ಪುಟಕ್ಕೆ ಹೋಗುತ್ತಾರೆ. ಕಾನೂನೂ ನಿಮ್ಮ ಪರ ಇಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಆನ್‌ಲೈನ್‌ನಲ್ಲಿ ಮಾರುವವರು ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ, ಒಳವಿವರದ ಜೊತೆ ತೋರಿಸಬೇಕು ಎನ್ನುತ್ತವೆ. ಮೊದಲು ಕಡಿಮೆ ತೋರಿಸಿ ದುಡ್ಡು ಕಟ್ಟುವ ಹೊತ್ತಿಗೆ ಒಂದೊಂದೇ ಸೇರಿಸುತ್ತ ಹೋಗುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅದರಲ್ಲಿ ಹದಿಮೂರು ಬಗೆಯ ಕಣ್ಕಟ್ಟುಗಳ ಪಟ್ಟಿ ಇದೆ. ಇಲ್ಲದ ಅವಸರ ಹುಟ್ಟಿಸುವುದು ಅವುಗಳಲ್ಲಿ ಮೊದಲನೆಯದು.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ‘ಕನ್ವರ್ಷನ್ ಹೆಚ್ಚಿಸಿಕೊಡ್ತೀವಿ’, ಅಂದರೆ ಪುಟ ನೋಡಿದವರಲ್ಲಿ ಹೆಚ್ಚು ಜನರನ್ನು ಗಿರಾಕಿ ಮಾಡಿಕೊಡ್ತೀವಿ ಎಂದು ನಿಮ್ಮ ಬಾಗಿಲಿಗೆ ಬರುವವರು ಮೊದಲು ಮಾರುವುದೇ ಈ ಸಾಮಾನನ್ನು. ಒಂದೇ ಕೋಣೆ ಉಳಿದಿದೆ ಎಂಬ ಕೆಂಪು ಪಟ್ಟಿ, ಹದಿನಾಲ್ಕು ಜನ ಈಗ ನೋಡುತ್ತಿದ್ದಾರೆ ಎಂಬ ಸುಳ್ಳು ಲೆಕ್ಕ, ಪುಟ ತೆರೆದಾಗಲೆಲ್ಲ ಹೊಸದಾಗಿ ಶುರುವಾಗುವ ಗಡಿಯಾರ. ನಾಲ್ಕೇ ಕೋಣೆ ಇರುವ ಮನೆಗೆ ಹದಿನಾಲ್ಕು ಜನ ಮುಗಿಬಿದ್ದಿದ್ದಾರೆ ಎಂದರೆ ನಂಬುವ ಕಾಲ ಹೋಯಿತು. ನಿಜವಾಗಿ ಒಂದೇ ಕೋಣೆ ಉಳಿದಿದ್ದರೆ ಧಾರಾಳವಾಗಿ ಹಾಕಿ. ಅದು ಅವಸರವಲ್ಲ, ಮಾಹಿತಿ.

ಇನ್ನು ಹೆಸರಿನ ಗೊಂದಲ. ಬೆಂಗಳೂರಿನವರು ‘ಕಬಿನಿ’ ಎಂದು ಹುಡುಕುತ್ತಾರೆ, ‘ಎಚ್.ಡಿ. ಕೋಟೆ’ ಎಂದಲ್ಲ. ‘ಕೂರ್ಗ್ ಗೋಲ್ಡನ್ ಟೆಂಪಲ್’ ಎಂದು ಹುಡುಕುತ್ತಾರೆ, ‘ಬೈಲುಕುಪ್ಪೆ’ ಎಂದಲ್ಲ. ನಾಮ್‌ಡ್ರೋಲಿಂಗ್ ಮಠ ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಹೀಗಿದ್ದೂ ಪಿರಿಯಾಪಟ್ಟಣದವರೇ ತಮ್ಮ ಪುಟದಲ್ಲಿ ‘ಕೂರ್ಗ್ ಹೋಂಸ್ಟೇ’ ಎಂದು ಹಾಕಿಕೊಂಡು, ಬೆಟ್ಟ, ಮಂಜು, ಕಾಫಿತೋಟ ನಿರೀಕ್ಷಿಸಿ ಬಂದವರಿಗೆ ಶುಂಠಿ ಹೊಲ ತೋರಿಸುತ್ತಾರೆ. ಹುಡುಕುವ ಹೆಸರು ಪುಟದಲ್ಲಿ ಇರಲಿ, ಜೊತೆಗೆ ಇರುವ ಜಾಗವೂ ಇರಲಿ: ‘ಬೈಲುಕುಪ್ಪೆ ಗೋಲ್ಡನ್ ಟೆಂಪಲ್ ಹತ್ತಿರ, ಪಿರಿಯಾಪಟ್ಟಣ ತಾಲ್ಲೂಕು; ಕುಶಾಲನಗರ ಪಕ್ಕದಲ್ಲೇ, ಮಡಿಕೇರಿ ಇನ್ನೂ ಮುಂದೆ.’ ವಿದೇಶಿಯರು ಟಿಬೆಟನ್ ಶಿಬಿರದೊಳಗೆ ರಾತ್ರಿ ತಂಗಲು ಕೇಂದ್ರ ಗೃಹ ಸಚಿವಾಲಯದ ವಿಶೇಷ ಪರವಾನಗಿ ಬೇಕು. ಶಿಬಿರದ ಹೊರಗೆ ಮನೆ ಇರುವವರು ಅದನ್ನು ಒಂದು ಸಾಲಿನಲ್ಲಿ ಹೇಳಿದರೆ, ಪರವಾನಗಿ ಸಿಗದ ಪ್ರವಾಸಿಗರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಕೋಣೆ ಬಾಡಿಗೆಗೆ ಕೊಡದೆ ಸಾಮಾನು ಮಾರುವವರಿಗೂ ಇದೇ ಕ್ರಮ, ಪ್ರಶ್ನೆಗಳು ಬೇರೆ ಅಷ್ಟೆ. ಕೆ.ಆರ್. ನಗರ ಭತ್ತದ ಕಣಜ ಎಂದು ಹೆಸರಾದ ಊರು. ಅಲ್ಲಿಂದ ಅಕ್ಕಿ ಮಾರುವವರ ಪುಟಗಳಲ್ಲಿ ಗದ್ದೆಯ ಸೂರ್ಯೋದಯ ಇರುತ್ತದೆ, ನಗುವ ರೈತ ಇರುತ್ತಾನೆ, ‘ಪರಿಶುದ್ಧ’ ಎಂಬ ಮಾತು ಆರು ಕಡೆ ಇರುತ್ತದೆ. ಅಕ್ಕಿ ಕೊಳ್ಳುವ ಹೆಂಗಸರು ಕೇಳುವುದು: ಹಳೇದಾ, ಹೊಸದಾ? ಅನ್ನ ಉದುರುದುರಾಗುತ್ತಾ, ಮುದ್ದೆಗಟ್ಟುತ್ತಾ? ಒಂದು ಲೋಟಕ್ಕೆ ಎಷ್ಟು ನೀರು? ಕುಕ್ಕರಿಗೆ ಎಷ್ಟು ಸೀಟಿ? ಇಡ್ಲಿಗಾಗುತ್ತಾ? ಪಾಲಿಶ್ ಎಷ್ಟು ಹೊಡೆದಿದೆ? ಇವಿಷ್ಟಕ್ಕೆ ಉತ್ತರ, ಭತ್ತ ಕೊಯ್ದ ತಿಂಗಳು, ಗಿರಣಿಗೆ ಹಾಕಿಸಿದ ತಿಂಗಳು, ಬಟ್ಟಲಲ್ಲಿ ಬೆಂದ ಅನ್ನದ ಒಂದು ಫೋಟೊ, ಸಾಗಣೆ ಸೇರಿ ಹತ್ತು ಕಿಲೋ ಚೀಲದ ಬೆಲೆ. ಸೂರ್ಯೋದಯ ಕ್ಯಾಲೆಂಡರಿಗಿರಲಿ. ‘ಮೊದಲು ಒಂದು ಕಿಲೋ ತರಿಸಿ ಮಾಡಿ ನೋಡಿ’ ಎಂಬ ಒಂದು ಬಟನ್ ಇಟ್ಟರೆ ಹತ್ತು ಕಿಲೋ ಚೀಲದ ದಾರಿ ತಾನಾಗಿ ತೆರೆಯುತ್ತದೆ.

ಜೇನಿನದು ಇನ್ನೂ ಬಿಗಿ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬಹಿರಂಗಪಡಿಸಿದ, ಕಲಬೆರಕೆ ಪತ್ತೆಹಚ್ಚುವ ಎನ್‌ಎಂಆರ್ ಪರೀಕ್ಷೆಯಲ್ಲಿ ದೇಶದ 13 ಬ್ರ್ಯಾಂಡ್‌ಗಳಲ್ಲಿ ತೇರ್ಗಡೆಯಾದದ್ದು ಮೂರೇ. ಅಲ್ಲಿಂದ ಈಚೆಗೆ ‘ಶುದ್ಧ ಕಾಡುಜೇನು’ ಎಂದು ಯಾರು ಬರೆದರೂ ಓದುವವರ ಹುಬ್ಬು ಮೇಲಕ್ಕೆ ಹೋಗುತ್ತದೆ. ಹಾಗಾಗಿ ಶುದ್ಧ ಎನ್ನುವುದನ್ನು ಬಿಟ್ಟು ಯಾವ ತಿಂಗಳ ಜೇನು, ಹೆಜ್ಜೇನೋ ತುಡುವೆಯೋ, ಹಾಡಿಯ ಜೇನುಕುರುಬರಿಂದ ನೇರ ಕೊಂಡದ್ದೋ ಆದಿವಾಸಿಗಳ ಲ್ಯಾಂಪ್ಸ್ ಸೊಸೈಟಿಯಿಂದ ತಂದದ್ದೋ, ಅದನ್ನು ಹೇಳಿ. ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಯ ನಂಬರು ಕಾಣುವಂತೆ ಹಾಕಿ. ಚಳಿಗೆ ಜೇನು ಹರಳುಗಟ್ಟುತ್ತದೆ, ಬೆಚ್ಚನೆ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ ಎಂಬ ಎರಡು ಸಾಲು ಇದ್ದರೆ ಡಿಸೆಂಬರ್‌ನಲ್ಲಿ ಬರುವ ‘ಸಕ್ಕರೆ ಬೆರೆಸಿದ್ದೀರಿ’ ಎಂಬ ಜಗಳಗಳು ನಿಲ್ಲುತ್ತವೆ.

ಹಾಡಿಯ ಮಾತು ಬಂದದ್ದರಿಂದ ಒಂದು ಮಾತು, ಕಟುವಾಗಿ ಕಂಡರೂ ಸರಿ. ಜೇನುಕುರುಬರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ‘ಟ್ರೈಬಲ್ ವಿಸಿಟ್, 500 ರೂ.’ ಎಂದು ಪುಟದಲ್ಲಿ ಹಾಕುವುದನ್ನು ಇವತ್ತೇ ತೆಗೆಯಿರಿ. ಅವರೇನು ಸಫಾರಿಯ ಬದಲಿ ಸಾಮಾನಲ್ಲ. ನಿಮ್ಮಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಒಪ್ಪಿ, ತಮ್ಮ ಕೂಲಿ ತಾವೇ ಹೇಳಿ, ಸೊಪ್ಪು ಗಿಡಗಳ ಗುರುತು ತೋರಿಸುತ್ತಾರೆಂದರೆ ಅದು ಬೇರೆ ವಿಷಯ. ಅದನ್ನು ಅವರ ಹೆಸರಿಟ್ಟು, ಅವರ ಇಷ್ಟದ ಫೋಟೊ ಇಟ್ಟು ಹಾಕಿ.

ಪುಟದ ತೂಕದ ಬಗ್ಗೆ ನಮ್ಮ ಕಡೆಯವರಿಗೆ ಒಂದು ಕೆಟ್ಟ ಚಾಳಿ ಇದೆ. ಫ್ಲೆಕ್ಸ್ ಮಾಡುವ ಡಿಟಿಪಿ ಅಂಗಡಿಯಲ್ಲೇ ವೆಬ್ ಪುಟವನ್ನೂ ಮಾಡಿಸುತ್ತೇವೆ. ಅವರು ಹತ್ತಡಿ ಫ್ಲೆಕ್ಸಿಗೆ ಮಾಡಿದ ವಿನ್ಯಾಸವನ್ನೇ ಚಿತ್ರ ಮಾಡಿ ಏರಿಸುತ್ತಾರೆ. ಆರು ಎಂಬಿಯ ಎಂಟು ಫೋಟೊ ಎಂದರೆ 48 ಎಂಬಿ. ಸೆಕೆಂಡಿಗೆ ಎರಡು ಮೆಗಾಬಿಟ್ ಬರುವ ಕಡೆ ಅದು ಪೂರ್ತಿ ತೆರೆಯಲು ಮೂರು ನಿಮಿಷಕ್ಕೂ ಮೇಲೆ ಬೇಕು. ಮುಖ್ಯವಾದ ಚಿತ್ರವೋ ಬರಹವೋ ಎರಡೂವರೆ ಸೆಕೆಂಡಿನೊಳಗೆ ಕಣ್ಣಿಗೆ ಬೀಳಬೇಕು ಎಂಬುದು ಗೂಗಲ್ ಇಟ್ಟುಕೊಂಡ ಅಳತೆ. ಒಂದೊಂದು ಫೋಟೊವನ್ನು 150–200 ಕೆಬಿಗೆ ಇಳಿಸಿದರೆ ಫೋನಿನಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಚಿತ್ರದೊಳಗೆ ಬರೆದ ದರವನ್ನು ಗೂಗಲ್ ಸರಿಯಾಗಿ ಓದುವುದಿಲ್ಲ, ಗಿರಾಕಿ ಕಾಪಿ ಮಾಡಿ ಹೆಂಡತಿಗೆ ಕಳಿಸುವುದಕ್ಕೂ ಆಗುವುದಿಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಪುಟದಲ್ಲಿ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ; ಯೂನಿಕೋಡ್‌ಗೆ ಬದಲಿಸಿಕೊಡಿ ಎಂದು ಡಿಟಿಪಿಯವರಿಗೆ ಹೇಳಿ, ಅವರಿಗೆ ಗೊತ್ತಿರುತ್ತದೆ.

ಪುಟ ನಿಮ್ಮ ಹೆಸರಿನಲ್ಲೇ ಇರಲಿ, ಬಿಟ್ಟಿ ಸಿಗುತ್ತದೆ ಎಂದು ಬೇರೆಯವರ ಜಗಲಿಯಲ್ಲಿ ಬೇಡ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಸಿಗುತ್ತಿದ್ದ ಉಚಿತ ವೆಬ್‌ಸೈಟ್‌ಗಳನ್ನು ಕಂಪನಿ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಹಳೆಯ ವಿಳಾಸ ಒತ್ತಿದವರನ್ನು ಆ ವರ್ಷದ ಜೂನ್ 10ರವರೆಗೆ ಪ್ರೊಫೈಲಿನ ಕಡೆಗೆ ತಿರುಗಿಸುತ್ತಿತ್ತು, ಆಮೇಲೆ ಅದೂ ಇಲ್ಲ. ಆ ಸತ್ತ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ, ಹೆದ್ದಾರಿ ಪಕ್ಕದ ಬೋರ್ಡಿನಲ್ಲಿ ಇನ್ನೂ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಬುಕಿಂಗ್ ಆ್ಯಪುಗಳ ಮೇಲೆ ಪೂರ್ತಿ ಒರಗುವುದೂ ಅಷ್ಟೇ. ಹೋಟೆಲಿನವರು ಬೇರೆ ಕಡೆ ಕಡಿಮೆ ದರ ಕೊಡದಂತೆ ಕರಾರು ಹಾಕಿದ್ದು ಸೇರಿದಂತೆ ಹಲವು ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊ ಮೇಲೆ 223 ಕೋಟಿ, ಓಯೋ ಮೇಲೆ 168 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಆ್ಯಪು ಇರಲಿ, ಬೇಡ ಎನ್ನುವುದಿಲ್ಲ. ಎರಡನೇ ಸಲ ಬರುವ ಅತಿಥಿ ಆ್ಯಪಿಗೆ ಕಮಿಷನ್ ಕಟ್ಟಿಸಿ ಬರಬೇಕೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ದುಡ್ಡು ಕಟ್ಟುವ ಜಾಗದಲ್ಲಿ ಬಹಳ ಜನ ಬಿದ್ದುಹೋಗುತ್ತಾರೆ. ಹೋಂಸ್ಟೇ ಹೆಸರಿನಲ್ಲಿ ಅಡ್ವಾನ್ಸ್ ಹಾಕಿಸಿಕೊಂಡು ಫೋನ್ ಆಫ್ ಮಾಡುವ ಕಳ್ಳರು ಎಲ್ಲ ಪ್ರವಾಸಿ ಊರುಗಳಲ್ಲೂ ಇದ್ದಾರೆ. ಜನಕ್ಕೆ 1930 ಎಂಬ ಸೈಬರ್ ದೂರಿನ ನಂಬರು ಬಾಯಿಪಾಠ ಆಗಿದೆ. ಅಂಥ ಹೊತ್ತಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಹೋಂಸ್ಟೇ ಹೆಸರು ಬರದೆ ನಿಮ್ಮ ಷಡ್ಡಕನ ಹೆಸರು ಬಂದರೆ ಅವರು ಅಲ್ಲಿಗೇ ನಿಲ್ಲುತ್ತಾರೆ, ನಿಮಗೆ ಹೇಳುವುದೂ ಇಲ್ಲ. ವ್ಯವಹಾರದ ಹೆಸರಲ್ಲೇ ಒಂದು ಚಾಲ್ತಿ ಖಾತೆ ತೆರೆಯಿರಿ. ಅದಾಗುವ ತನಕ ‘ಸ್ಕ್ಯಾನ್ ಮಾಡಿದಾಗ ಇಂಥವರ ಹೆಸರು ಬರುತ್ತದೆ, ಅವರು ನಮ್ಮ ಮನೆಯವರು’ ಎಂದು ಪುಟದಲ್ಲೇ ಬರೆಯಿರಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ, ಎಷ್ಟು ದಿನ ಮುಂಚೆ ರದ್ದು ಮಾಡಿದರೆ ಎಷ್ಟು ವಾಪಸ್ ಎಂಬ ಎರಡು ಸಾಲು, ಮ್ಯಾಪಿನ ಲಿಂಕು, ಇವೆಲ್ಲ ಕ್ಯೂಆರ್‌ನ ಸುತ್ತಮುತ್ತಲೇ ಇರಲಿ. ಹನ್ನೆರಡು ಖಾನೆಯ ಅರ್ಜಿ ನಮೂನೆ ಇಟ್ಟವರು ಅದನ್ನು ಎರಡಕ್ಕೆ ಇಳಿಸಿ: ಯಾವ ತಾರೀಖು, ಎಷ್ಟು ಜನ. ಇಮೇಲು, ಪಿನ್‌ಕೋಡು, ‘ನಮ್ಮ ಬಗ್ಗೆ ಹೇಗೆ ತಿಳಿಯಿತು’ ಇದಾವುದೂ ಅಲ್ಲಿ ಬೇಡ. ಹೇಗೆ ತಿಳಿಯಿತು ಎಂಬುದನ್ನು ಅವರು ಬಂದು ಕಾಫಿ ಕುಡಿಯುವಾಗ ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ.

ಆ ನೋಟ್‌ಬುಕ್ಕೇ ನಿಮ್ಮ ಪರೀಕ್ಷೆಯ ಸಾಧನ. ಎರಡು ಬಗೆಯ ಪುಟ ತೋರಿಸಿ ಯಾವುದು ಗೆಲ್ಲುತ್ತದೆ ಎಂದು ನೋಡುವ ಎ/ಬಿ ಟೆಸ್ಟ್ ಮಾಡಿಸಿ ಎಂದು ತಿಂಗಳ ಬಿಲ್ಲು ಕಳಿಸುವವರು ಇದ್ದಾರೆ. 2008ರ ಅಮೆರಿಕ ಅಧ್ಯಕ್ಷ ಚುನಾವಣೆಗಾಗಿ ಒಬಾಮಾ ಪ್ರಚಾರ ತಂಡ ಮೊದಲ ಪುಟದ ಚಿತ್ರವನ್ನೂ ಬಟನ್ನಿನ ಮಾತನ್ನೂ ಬದಲಿಸಿ ನೋಡಿ, ಹೆಸರು ಕೊಡುವವರ ಪ್ರಮಾಣವನ್ನು ಶೇ 8.26ರಿಂದ ಶೇ 11.6ಕ್ಕೆ ಏರಿಸಿಕೊಂಡ ಕತೆಯನ್ನು ಅವರು ಹೇಳುತ್ತಾರೆ. ಕತೆ ನಿಜ. ಆ ಪುಟಕ್ಕೆ ಲಕ್ಷಗಟ್ಟಲೆ ಜನ ಬರುತ್ತಿದ್ದರು. ನೂರಕ್ಕೆ ಎರಡು ಇದ್ದದ್ದು ಮೂರಾಯಿತು ಎಂದು ನಂಬಿಕೆಯಿಂದ ಹೇಳಬೇಕಾದರೆ ಎರಡೂ ಬಗೆಯ ಪುಟಕ್ಕೆ ತಲಾ ಸುಮಾರು 3,800 ಜನ ಬರಬೇಕು ಎನ್ನುತ್ತದೆ ಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕ. ವಾರಕ್ಕೆ ಐವತ್ತು ಜನ ನೋಡುವ ಪುಟಕ್ಕೆ ಅದು ಸುಮಾರು ಮೂರು ವರ್ಷದ ಕೆಲಸ. ಬಟನ್ ಹಸಿರೋ ಕೇಸರಿಯೋ ಎಂದು ಅಷ್ಟು ದಿನ ಕಾಯುವ ಬದಲು, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ, ನಿಮ್ಮ ಮನೆ ನೋಡದ ನಾಲ್ಕೈದು ನೆಂಟರ ಕೈಗೆ ಫೋನ್ ಕೊಟ್ಟು, ‘ಇಲ್ಲಿ ಒಂದು ರಾತ್ರಿ ಉಳಿಯೋಕೆ ಎಷ್ಟಾಗುತ್ತೆ ನೋಡಿ ಹೇಳು’ ಎಂದು ಸುಮ್ಮನೆ ಕೂತು ನೋಡಿ. ಬಾಯಿ ಬಿಡಬೇಡಿ. ಎಲ್ಲಿ ಬೆರಳು ನಿಲ್ಲುತ್ತದೋ ಅಲ್ಲಿ ಪುಟ ಕೆಟ್ಟಿದೆ.

ಕೊನೆಗೆ ಎಚ್.ಡಿ. ಕೋಟೆ, ಸರಗೂರು, ಹುಣಸೂರಿನ ಕಾಡಂಚಿನ ಹೋಂಸ್ಟೇಯವರೆಲ್ಲರಲ್ಲಿ ಒಂದು ಕೇಳಿಕೆ. ದಸರಾ ಹೊತ್ತಿಗೆ ಮೈಸೂರಿಗೆ ಬಂದವರು ನಿಮ್ಮ ಕಡೆಗೂ ಹೊರಳುತ್ತಾರೆ. ಅದಕ್ಕೂ ಮುಂಚೆ ಒಂದು ದಿನ ಎಲ್ಲಾದರೂ ಒಟ್ಟಿಗೆ ಕೂತು, ಸಫಾರಿ ಇದೆಯೋ ಇಲ್ಲವೋ, ದಮ್ಮನಕಟ್ಟೆ ಮತ್ತು ವೀರನಹೊಸಹಳ್ಳಿಯಲ್ಲಿ ಸೀಟು ಬುಕ್ ಮಾಡುವುದು ಹೇಗೆ, ಎಷ್ಟು ಹೊತ್ತಿಗೆ ಅಲ್ಲಿರಬೇಕು, ಗುರುತಿನ ಚೀಟಿ ಯಾವುದು ಬೇಕು ಎಂಬ ನಾಲ್ಕು ಪ್ಯಾರಾವನ್ನು ಒಬ್ಬರು ಬರೆದು ಎಲ್ಲರೂ ಹಾಕಿಕೊಳ್ಳಿ. ಆದೇಶ ಬದಲಾದ ದಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ತಿದ್ದಿ ಕಳಿಸಿದರೆ ಉಳಿದವರು ಅರ್ಧ ಗಂಟೆಯಲ್ಲಿ ಬದಲಿಸಬಹುದು. ಹುಲಿಯ ಚಿತ್ರವನ್ನು ಅದೇ ದಿನ ತೆಗೆಯಿರಿ. ತೆಗೆದ ಜಾಗಕ್ಕೆ ಏನು ಹಾಕುವುದು ಎಂದು ತೋಚದಿದ್ದರೆ ಬಚ್ಚಲುಮನೆಯದು ಹಾಕಿ, ಗೀಸರ್ ಕಾಣುವಂತೆ.

ಇಂತಿ ನಿಮ್ಮವ,
ಹುಣಸೂರಿನ ಒಬ್ಬ ವೆಬ್ ಕೆಲಸಗಾರ